ಬಿಸಿ ಹೆಚ್ಚಾದ ಮೊಟ್ಟೆಗಳು

ಹಂದಿಜ್ವರ ಹಬ್ಬಿದ ವರ್ಷ ನಾನು ಅಮೆರಿಕದ ಆನ್ ಆರ್ಬರಿನ ಒಂದು ಲಸಿಕೆ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಫ್ಲೂ ಲಸಿಕೆಗೆ ಬೇಕಾದ ವೈರಸ್ಸನ್ನು ಆಗ ಹೆಚ್ಚಾಗಿ ಕೋಳಿಮೊಟ್ಟೆಯಲ್ಲೇ ಬೆಳೆಸುತ್ತಿದ್ದರು. ಹತ್ತು ದಿನ ಕಾವು ಕೊಟ್ಟ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗಿನ ಮರಿಗೆ ಜೀವ ಇದೆಯೇ ನೋಡಿ, ಚಿಪ್ಪಿಗೆ ಸಣ್ಣ ತೂತು ಕೊರೆದು ವೈರಸ್ ಚುಚ್ಚಿ, ತೂತು ಮುಚ್ಚಿ, ಕಡಿಮೆ ಬಿಸಿಯ ಎರಡನೇ ಇನ್‌ಕ್ಯುಬೇಟರಿಗೆ ಸಾಗಿಸುವುದು ನನ್ನ ಕೆಲಸ. ಹೊಸ ವೈರಸ್ ಸರಿಯಾಗಿ ಬೆಳೆಯದೆ ಎಲ್ಲ ಕಡೆ ಲಸಿಕೆ ತಡವಾಗಿತ್ತು. ಚೆನ್ನಾಗಿ ಬೆಳೆಯುವ ತಳಿಗಾಗಿ ನಾವು ಹುಡುಕುತ್ತಿದ್ದೆವು.

ಡೆಟ್ರಾಯ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದ ನನ್ನ ಗಂಡನ ಕೆಲಸ ರಿಸೆಷನ್ನಿನಲ್ಲಿ ಹೋಗಿತ್ತು. ಇಬ್ಬರೂ ಅಲ್ಲಿ ಉಳಿದದ್ದು ನನ್ನ ಕೆಲಸದ ವೀಸಾದ ಮೇಲೆ.

ಒಂದು ಸೋಮವಾರ ಮೊಟ್ಟೆಗಳಿಂದ ತೆಗೆದ ದ್ರವದಲ್ಲಿ ವೈರಸ್ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಈ ತಳಿಯಿಂದಲೂ ಪ್ರಯೋಜನವಿಲ್ಲ ಎಂದರು ಲ್ಯಾಬಿನವರು. ಅದನ್ನು ಕೈಬಿಡಲು ಮೂರು ಗಂಟೆಗೆ ಮೀಟಿಂಗ್. ಟ್ರೇ ತೊಳೆಯುತ್ತಿದ್ದಾಗ ನನಗೆ ನೆನಪಾಯಿತು. ಮೊಟ್ಟೆಗಳ ದಾಖಲೆ ಶೀಟಿನಲ್ಲಿ ‘ಎರಡನೇ ಇನ್‌ಕ್ಯುಬೇಟರ್’ ಎಂದು ನಾನೇ ಬರೆದಿದ್ದೆ. ಆದರೆ ಟ್ರೇಗಳನ್ನು ಹೊರತೆಗೆದದ್ದು ಒಂದನೆಯದರಿಂದ. ವೈರಸ್ ಸರಿಯಾಗಿ ಬೆಳೆಯದಷ್ಟು ಬಿಸಿಯಲ್ಲಿ ಅವು ಮೂರು ದಿನ ಇದ್ದವು.

ಪಾರ್ಕಿಂಗ್ ಲಾಟಿಗೆ ಹೋಗಿ ಗಂಡನಿಗೆ ಫೋನ್ ಮಾಡಿದೆ.

“ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಹಾಗಾದ್ರೆ ಸುಮ್ನಿರು. ನಿನ್ನನ್ನೂ ಕೆಲಸದಿಂದ ತೆಗೆದ್ರೆ ನಮ್ಮ ಕಥೆ ಮುಗೀತು.”

ನಾನು ಕಾರಿನಲ್ಲೇ ಕುಳಿತಿದ್ದೆ. ಎರಡೂ ಮುಕ್ಕಾಲಿಗೆ ಎದ್ದು ಲ್ಯಾಬಿನ ಮುಖ್ಯಸ್ಥೆಯ ಕೋಣೆಗೆ ಹೋದೆ. ಅವರು ಧಾರವಾಡದವರು.

“ಮೇಡಂ, ತಪ್ಪು ಈ ತಳೀದಲ್ಲದೆ ಇರಬಹುದು. ಮೊಟ್ಟೆ ನಾನೇ ತಪ್ಪು ಇನ್‌ಕ್ಯುಬೇಟರ್‌ನಲ್ಲಿ ಇಟ್ಟುಬಿಟ್ಟಿದೀನಿ. ಶೀಟಲ್ಲೂ ತಪ್ಪು ಬರ್ದಿದೀನಿ.”

ಅವರು ಬಾಗಿಲು ಹಾಕಿದರು. “ಯಾವಾಗ ಗೊತ್ತಾತು?”

“ಒಂದು ಗಂಟೆ ಆಯ್ತು.”

“ಒಂದು ತಾಸು ಏನ್ ಮಾಡಿದಿ?”

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. “ಮೊದಲಿಗೆ ಶೀಟ್ ತಿದ್ದಿ ಸಹಿ ಮಾಡು. ಆಮ್ಯಾಲ ಮೀಟಿಂಗಿಗೆ ಬಾ. ಎಲ್ಲಾರ ಮುಂದ ನೀನ ಹೇಳು.”

ಹೇಳಿದೆ. ವೀಕೆಂಡ್ ಕೂಡ ಬಂದು ದುಡಿದಿದ್ದ ಸಹೋದ್ಯೋಗಿ ನನ್ನ ಮುಖ ನೋಡದೆ ಎದ್ದು ಹೋದಳು. ಎಚ್ಚರಿಕೆ ಪತ್ರ ನನ್ನ ಫೈಲಿಗೆ ಸೇರಿತು. ಕೆಲಸ ಉಳಿಯಿತು. ಹೊಸ ಮೊಟ್ಟೆಗಳಿಗೆ ಚುಚ್ಚುವಾಗ ಪ್ರತಿ ಟ್ರೇಗೂ ಇನ್ನೊಬ್ಬರು ಪಕ್ಕದಲ್ಲಿ ನಿಂತು ಸಹಿ ಹಾಕಿದರು.

ಆ ದಿನಗಳಲ್ಲಿ ಗಂಡ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದ. ಫಲಿತಾಂಶ ಬಂದ ಸಂಜೆ ನಾನು ಶೂ ಬಿಚ್ಚುವ ಮೊದಲೇ ಕೇಳಿದ:

“ವೈರಸ್ ಬೆಳೀತಾ?”

“ಬೆಳೀತು. ಪರವಾಗಿಲ್ಲ ಅನ್ನೋಷ್ಟು.”