ಕಡೆಯ ನುಡಿ ಕತ್ತರಿಸಿದ ಹಾಡು

ಹೊಸ ಹಾಡು ಯಾವುದು ಸಿಕ್ಕರೂ ನಾನು ಕಡೆಯ ನುಡಿಯ ತನಕ ಕೇಳುತ್ತೇನೆ. ಅರ್ಧಕ್ಕೇ ಬೆರಳಾಡಿಸಿ ಮುಂದಿನದಕ್ಕೆ ಹಾರುವವರನ್ನು ಕಂಡರೆ ಮೈ ಉರಿಯುತ್ತದೆ. ನಮ್ಮ ಕಡೆಯ ಹಾಡುಗಾರರು ಮೊದಲು ಕುಣಿಸುತ್ತಾರೆ, ಹೇಳಬೇಕಾದ್ದನ್ನು ಕೊನೆಗೆ ಹೇಳುತ್ತಾರೆ. ಯಾರ ಹಾಡು, ಯಾವ ಊರು ಅನ್ನುವುದು ಬರುವುದು ಕಡೆಯ ನುಡಿಯಲ್ಲೇ. ಹಿಂದಿನಿಂದ ಬಂದ ಪದ್ಧತಿ ಅದು.

ಈ ಹುಚ್ಚು ಹಿಡಿಸಿದವನು ನನ್ನ ತಮ್ಮ. ನಾನು ರಾಯಚೂರಿನಲ್ಲಿ ಬ್ಲೌಸ್ ಹೊಲಿಯುವವಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಗಿರಾಕಿಗಳ ಪುರಾಣದಿಂದ ಬಿಡುಗಡೆ. ಅವನು ಮಾನ್ವಿಯಲ್ಲಿ ಅವ್ವನ ಜೊತೆಗಿದ್ದು ಗೂಡ್ಸ್ ಗಾಡಿ ಓಡಿಸುತ್ತಿದ್ದ. ಒಂದು ದಿನ ದೇವದುರ್ಗಕ್ಕೆ ಹತ್ತಿಬೀಜ, ಇನ್ನೊಂದು ದಿನ ಜಾಲಹಳ್ಳಿಗೆ ಯಾರದೋ ಮನೆಯ ಮಂಚ, ಕಪಾಟು. ಹೋದಲ್ಲೆಲ್ಲ ಚಹಾ ಕುಡಿಯುತ್ತ, "ನಿಮ್ಮೂರಾಗ ಹಾಡೋರು ಯಾರದಾರ್ರಿ?" ಅಂತ ಕೇಳುವುದು ಅವನ ಚಟ. ಜಾಲಹಳ್ಳಿಯ ಮುದುಕಿ ಏಕತಾರಿ ಹಿಡಿದು ಹಾಡಿದ ತತ್ವಪದ, ನರ್ಸಿಂಗ್ ಓದುವ ಹುಡುಗಿಯ ಭೀಮಗೀತೆ, ಪೋತ್ನಾಳದ ಗ್ಯಾರೇಜಿನವನ ಪ್ರೇಮದ ಜನಪದ, ಎಲ್ಲವೂ ನನ್ನ ಫೋನಿಗೆ ಬಂದು ಬೀಳುತ್ತಿದ್ದವು. ನಾನು ಸುಮ್ಮನಿರುವವಳಲ್ಲ. ನಮ್ಮ ಸ್ಟೇಷನ್ ಕಡೆಯ ಹುಡುಗರು ದಖನಿ ಉರ್ದು, ಕನ್ನಡ ಎರಡನ್ನೂ ಕಲಸಿ ಹಾಡುವ ರ‍್ಯಾಪ್ ಹುಡುಕಿ ಕಳಿಸುತ್ತಿದ್ದೆ.

ನಮ್ಮಿಬ್ಬರ ನಡುವೆ ಒಂದು ಪಂದ್ಯವಿತ್ತು. ಯಾರೂ ಕೇಳದ ಹಾಡನ್ನು ಯಾರು ಮೊದಲು ಹುಡುಕುತ್ತಾರೋ ಅವರು ಗೆದ್ದಂತೆ, ಸೋತವರು ಫೋನ್ ಮಾಡಿ "ಸಲಾಂ" ಅನ್ನಬೇಕು. ಹೆಚ್ಚು ಸಲಾಂ ಹೊಡೆದವಳು ನಾನೇ.

ದೇವದುರ್ಗದಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂಡಿ ಇಟ್ಟುಕೊಂಡು ಹಾಡುವ ಒಬ್ಬ ಹುಡುಗನನ್ನು ಅವನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದ. ಎಣ್ಣೆಯ ಹೊಗೆ ಕುಡಿದು ಕುಡಿದು ಆ ಹುಡುಗನ ದನಿ ಒಡೆದಿತ್ತು.

"ಒಡಕ ಮಡಿಕಿ ಬಡದಂಗ ಅದ ಬಿಡೋ," ಅಂದೆ.

"ನೀ ಬರೇ ದನಿ ಕೇಳ್ತಿ ಅಕ್ಕಾ. ಕಡೀತನಕ ಕೇಳು, ಆಮ್ಯಾಲ ಬೈ," ಅಂದ.

ನಾನು ಆಗ ಕೇಳಲಿಲ್ಲ, ಅಂಗಡಿಯಲ್ಲಿ ಮದುವೆ ಸೀಸನ್ನಿನ ಕೆಲಸವಿತ್ತು. ಅದೇ ವಾರ ಪೋತ್ನಾಳ ದಾಟಿದ ಮೇಲೆ, ಹೊತ್ತು ಮುಳುಗುವಾಗ, ದೀಪವಿಲ್ಲದೆ ರಸ್ತೆಯಲ್ಲೇ ನಿಲ್ಲಿಸಿದ್ದ ಭತ್ತದ ಟ್ರ್ಯಾಕ್ಟರಿಗೆ ತಮ್ಮನ ಗಾಡಿ ಹಿಂದಿನಿಂದ ಹೊಡೆಯಿತು. ನೋಡಲು ಹೋದವರು ಹೇಳಿದ ಮಾತು ಒಂದೇ: ಗಾಡಿಯ ಮೂತಿ ನುಜ್ಜಾಗಿತ್ತು, ಒಳಗೆ ಹಾಡು ಮಾತ್ರ ಇನ್ನೂ ನಡೆದಿತ್ತು. ಯಾವ ಹಾಡು ಅಂತ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹರೆಯದವರು ಸತ್ತರೆ ಈಗ ನಮ್ಮ ಕಡೆ ಓಣಿಯ ಮೂಲೆಗೆ ಬ್ಯಾನರ್ ಕಟ್ಟುತ್ತಾರೆ, ಸತ್ತವರ ಮೇಲೆ ಹಾಡು ಮಾಡಿ ಯೂಟ್ಯೂಬಿಗೆ ಬಿಡುತ್ತಾರೆ. ಮೋಡದ ನಡುವೆ ಫೋಟೋ, ಎರಡೂ ಕಡೆ ಹಾರುವ ಪಾರಿವಾಳ. ಅಂಥವನ್ನು ಕಂಡು ಮೊದಲು ನಗುತ್ತಿದ್ದೆ. ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ಫೋನ್ ತೆರೆದರೆ ಪಾರಿವಾಳಗಳ ನಡುವೆ ನನ್ನ ತಮ್ಮ ನಿಂತಿದ್ದ. ಯಾರೂ ಕೇಳದೆ, ಯಾರೂ ಹೇಳದೆ ಆ ಮಿರ್ಚಿ ಬಂಡಿಯ ಹುಡುಗ ಹಾಡಿದ್ದ. ಆಗಷ್ಟೇ ಬಿಟ್ಟಿದ್ದ ಹಾಡು, ಕೇಳಿದವರಲ್ಲಿ ನಾನೇ ಮೊದಲಿಗಳು. ಸಲಾಂ ಅನ್ನಬೇಕಾದವನು ಇರಲಿಲ್ಲ. ಕತ್ತರಿ ಕೆಳಗಿಟ್ಟು ಅತ್ತೆ.

ಹಾಡು ಗಾಡಿಯ ಹಾರ್ನಿನಿಂದ ಶುರುವಾಗುತ್ತದೆ. ತಮ್ಮ ದಿನಾ ಓಣಿಯ ಬಾಯಲ್ಲಿ ಹಾರ್ನ್ ಹೊಡೆಯುತ್ತಿದ್ದ. ಅದು ಕೇಳಿದ ಮೇಲೆಯೇ ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದಳು, ಅವನಿಗೆ ಬಿಸಿ ರೊಟ್ಟಿಯೇ ಬೇಕಿತ್ತು. "ಹಾರ್ನ ಕೇಳಿ ಹಂಚ ಇಟ್ಟೆ, ಇನ್ನ ಯಾಕ ಬರಲಿಲ್ಲ" ಅನ್ನುವುದೇ ಪಲ್ಲವಿ. ಕಡೆಯ ನುಡಿಯಲ್ಲಿ ಮಾನ್ವಿ, ನಮ್ಮ ಓಣಿ, ತಮ್ಮನ ಹೆಸರು.

ಮಾನ್ವಿಗೆ ಹೋಗಿ ಅವ್ವನಿಗೆ ಕೇಳಿಸಿದೆ. "ಹಂಚಿನ ಮಾತು ಆ ಹುಡುಗಗ ಹೆಂಗ ಗೊತ್ತು?" ಅಂದಳು. "ತಮ್ಮನೇ ಹೇಳಿರಬೇಕು ಬೇ," ಅಂದೆ. ಅಂದಿನಿಂದ ಅವಳಿಗೆ ಅದೇ ಊಟ, ಅದೇ ನಿದ್ದೆ. ಫೋನ್ ಒತ್ತಲು ಬರುವುದಿಲ್ಲ, ಪಕ್ಕದ ಮನೆಯವರ ಕೈಯಲ್ಲಿ ಹಚ್ಚಿಸಿಕೊಂಡು ಹೆಸರು ಬರುವ ತನಕ ಕಿವಿಗೆ ಹಿಡಿದು ಕೂರುತ್ತಿದ್ದಳು. ಮಗನನ್ನು ಊರು ಮರೆತೀತು ಅನ್ನುವುದೊಂದೇ ಅವಳ ಭಯ. ಹಾಡಿರುವ ತನಕ ಮರೆಯುವುದಿಲ್ಲ ಅಂತ ನಾನೂ ಸಮಾಧಾನ ಹೇಳಿದ್ದೆ.

ಊರು ಹಾಡನ್ನು ಮರೆಯಲಿಲ್ಲ. ಯಾರೋ ಅದಕ್ಕೆ ಡಿಜೆ ಬಡಿತ ಕೂಡಿಸಿದರು. ಹೆಂಡತಿ ಗಂಡನ ದಾರಿ ಕಾಯುವ ಪ್ರೇಮಗೀತೆ ಅಂದುಕೊಂಡರೋ ಏನೋ, ಪಲ್ಲವಿಯನ್ನೇ ತಿರುಗಿ ತಿರುಗಿ ಹಾಕಿ ಕಡೆಯ ನುಡಿಯನ್ನು ಕತ್ತರಿಸಿ ಒಗೆದರು. ರಾಯಚೂರಿನ ಸಿಟಿ ಬಸ್ಸಿನಲ್ಲಿ ಅದನ್ನು ಕೇಳಿ ನಡುದಾರಿಯಲ್ಲೇ ಇಳಿದುಬಿಟ್ಟೆ. ಅವ್ವನಿಗೆ ಹೇಳಲಿಲ್ಲ.

ಕಳೆದ ಬೇಸಿಗೆ ನಾನು ಮಾನ್ವಿಯಲ್ಲಿದ್ದಾಗ, ಸಂಜೆ, ನಮ್ಮ ಓಣಿಗೆ ಮದುವೆಯ ಮೆರವಣಿಗೆ ಬಂತು. ಡಿಜೆ ಗಾಡಿಯಿಂದ ಆ ಹಾರ್ನ್ ಕೇಳಿತು. ಅಡುಗೆಮನೆಯಲ್ಲಿದ್ದ ಅವ್ವ ಹೊರಗೆ ನಡೆದಳು. ಹಿಂದೆಯೇ ಓಡಿದೆ. ಧೂಳೆಬ್ಬಿಸಿ ಕುಣಿಯುವವರ ನಡುವೆ ಅವಳು ಕಡೆಯ ನುಡಿಗೆ ಕಾಯುತ್ತ ನಿಂತಿದ್ದಳು. ಪಲ್ಲವಿ ಮುಗಿದು ಮತ್ತೆ ಪಲ್ಲವಿಯೇ ಬಂತು. ಡಿಜೆಯವನ ಹತ್ತಿರ ಹೋಗಿ ಕೈಮುಗಿದಳು.

"ಯಪ್ಪಾ, ಮುಂದ ಇನ್ನೊಂದು ನುಡಿ ಅದ. ಅದರಾಗ ನನ್ನ ಮಗನ ಹೆಸರು ಬರ್ತದ. ಅದೊಂದು ಹಚ್ಚು."

"ನಮ್ಮ ಹಂತ್ಯಾಕ ಇಷ್ಟ ಅದ ಯವ್ವಾ," ಅಂದ ಅವನು. ಪಾಪ, ಅವನಿಗೇನು ಗೊತ್ತು.

ಮದುಮಗನ ಕಡೆಯ ಹಿರಿಯರಿಗೆ ಗೊತ್ತಿತ್ತು. ಹಾಡು ನಿಲ್ಲಿಸಿದರು. "ಮದುವಿ ಮುಂದ ಸತ್ತವರ ಹೆಸರು ತಗೀಬಾರದವ್ವ. ಒಳಗ ನಡಿ," ಅಂದರು. ಒರಟಾಗೇನೂ ಅನ್ನಲಿಲ್ಲ.

"ಅವನ ಸಾವಿಗೆ ಕುಣಿಬಹುದು, ಹೆಸರು ತಗೀಬಾರದಾ?" ಅಂತ ನಾನೇ ಚೀರಿದೆ. ಬೇರೆ ಹಾಡು ಹಚ್ಚಿಕೊಂಡು ಮೆರವಣಿಗೆ ಮುಂದೆ ಹೋಯಿತು.

ಒಳಗೆ ಬಂದರೆ ಮನೆಯೆಲ್ಲ ಕಮರು ವಾಸನೆ. ಒಲೆಯ ಮೇಲೆ ಖಾಲಿ ಹಂಚು ಕಾದು ಹೊಗೆಯಾಡುತ್ತಿತ್ತು. ಹಾರ್ನ್ ಕೇಳಿದ ಕೂಡಲೇ ಇಟ್ಟು, ಆಮೇಲೆ ಹೊರಗೆ ಬಂದಿದ್ದಳು. ಅವ್ವ ಉರಿ ಸಣ್ಣ ಮಾಡಿ, ಹಿಟ್ಟು ತೆಗೆದು, ಒಂದೇ ಒಂದು ರೊಟ್ಟಿ ಬಡಿದಳು.

"ನೀನಾದ್ರ ತಿನ್ನು ಬಾ," ಅಂದಳು.