ಬಾಣಂತಿ ಕೋಣೆಯ ಬಲ್ಬು

ಹೊಸೂರಿನ ನಮ್ಮ ಬೀದಿಗೆ ಕರೆಂಟು ಬಂದ ವರ್ಷವೇ ಅಕ್ಕ ಎರಡನೇ ಹೆರಿಗೆಗೆ ತವರಿಗೆ ಬಂದಳು. ಮೊದಲ ಕೂಸು ಅಂಚೆಟ್ಟಿಯ ಅತ್ತೆಮನೆಯಲ್ಲಿ ಹಸಿಗೂಸಾಗಿದ್ದಾಗಲೇ ಹೋಗಿತ್ತು. ಬೆಳಗ್ಗೆ ನೋಡಿದರೆ ಹಣತೆಯಲ್ಲಿ ಎಣ್ಣೆ ತೀರಿತ್ತಂತೆ. ಬಾಣಂತಿ ಕೋಣೆಯಲ್ಲಿ ದೀಪ ಆರಬಾರದು ಅನ್ನುವುದು ನಮ್ಮ ಮನೆಯ ಕಟ್ಟು. ಆ ಸಾವಿಗೆ ಅಜ್ಜಿ ಬೇರೆ ಕಾರಣವನ್ನೇ ಹುಡುಕಲಿಲ್ಲ.

ಅಮ್ಮ ಇಲ್ಲದ ಮನೆಯಲ್ಲಿ ಬಾಣಂತನವೆಲ್ಲ ಅಜ್ಜಿಯದೇ. ಈ ಸಲ ಹೆಣ್ಣು ಕೂಸು. ಅಜ್ಜಿ ಸ್ವಿಚ್ಚಿಗೆ ಅರಿಶಿನ ಕುಂಕುಮ ಇಟ್ಟು, ಹಗಲೂ ರಾತ್ರಿ ಬಲ್ಬು ಉರಿಸಿದಳು. ಆದರೆ ಕೋಣೆಗೆ ಅಂಟಿಕೊಂಡೇ ಬಚ್ಚಲು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುವಾಗ ಹಬೆಯೆಲ್ಲ ವೈರು ಮುಚ್ಚಿದ್ದ ಮರದ ಪಟ್ಟಿಗೆ ಏರುತ್ತಿತ್ತು. ಫ್ಯೂಸು ಮತ್ತೆ ಮತ್ತೆ ಹೋಗುತ್ತಿತ್ತು.

ವೈರ್‌ಮನ್ ಬಂದು ಫ್ಯೂಸಿನ ಪಿಂಗಾಣಿ ಬಿಲ್ಲೆ ಕಿತ್ತು, ಕೂದಲಂಥ ತಂತಿ ಕಟ್ಟಿದ. "ಇದು ಸುಟ್ಕಂಡ್ರೆ ಮನೆ ಉಳ್ಕಂತೈತೆ ಅಣ್ಣಾ. ಆದ್ರೂ ಎಲ್ಲೋ ಲೀಕಾಗ್ತೈತೆ, ಪಟ್ಟಿ ಬಿಚ್ಚಿ ನೋಡ್ಬೇಕು. ಬಾಣಂತೀನ ಒಂದಿನ ಆಚೆ ಮಲಗ್ಸಿ" ಅಂದ ಅಪ್ಪನಿಗೆ.

"ತಿಂಗ್ಳು ತುಂಬ್ದೆ ಹೊಸ್ಲು ದಾಟ್ಸಾದಾ? ನಿಂಗೆ ಮಕ್ಳವೇನ್ಲಾ?" ಅಜ್ಜಿ ಕೇಳಿದಳು.

"ಮದ್ವೇನೇ ಆಗಿಲ್ಲ ಅಜ್ಜೀ."

"ಅದ್ಕೇ ಇಂಗ್ ಮಾತಾಡ್ತೀಯ."

ಮುಂದಿನ ಸಲ ದೀಪ ಹೋದಾಗ ಅಕ್ಕ ಕೂಸನ್ನು ಎದೆಗವಚಿಕೊಂಡು ಕತ್ತಲಲ್ಲಿ ಕೂತಿದ್ದಳು. ಅಪ್ಪನಿಗೆ ನೋಡಲಾಗಲಿಲ್ಲ. ತಾನೇ ಬಿಲ್ಲೆ ಕಿತ್ತು, ದಪ್ಪ ತಾಮ್ರದ ತಂತಿ ಸುತ್ತಿ ಸಿಕ್ಕಿಸಿದ. "ಇನ್ ಹೋಗಾಕಿಲ್ಲ ಮಗಾ, ಮಲೀಕೋ."

ಹೋಗಲೂ ಇಲ್ಲ. ಅಕ್ಕ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಒಂದು ಸಂಜೆ ಅಜ್ಜಿ ಬಚ್ಚಲಲ್ಲಿ ಅಕ್ಕನಿಗೆ ನೀರು ಹುಯ್ಯುತ್ತಿದ್ದಳು. ಕೂಸು ಕೋಣೆಯ ತೊಟ್ಟಿಲಲ್ಲಿ ಮಲಗಿತ್ತು. ಪಡಸಾಲೆಯಲ್ಲಿದ್ದ ನಮಗೆ ಹೊಗೆಯ ವಾಸನೆ ಬಂತು. ಅಕ್ಕನ ತಲೆಗೆ ಹಾಕುವ ಸಾಂಬ್ರಾಣಿ ಅಂದುಕೊಂಡೆವು. ಅಪ್ಪ ಕೋಣೆಯ ಬಾಗಿಲು ತಳ್ಳಿದಾಗ ಪಟ್ಟಿಯುದ್ದಕ್ಕೂ ಬೆಂಕಿ ಹರಿದು ತೊಟ್ಟಿಲೊಳಕ್ಕೆ ಉದುರುತ್ತಿತ್ತು. ನುಗ್ಗಿ ಕೂಸನ್ನು ಎತ್ತಿಕೊಂಡು ಬಂದ. ಎತ್ತಿಕೊಂಡು ಬಂದ, ಅಷ್ಟೇ. ಅದರಲ್ಲಿ ಉಸಿರಿರಲಿಲ್ಲ. ಒಳಗೆ, ಆ ಹೊಗೆಯ ನಡುವೆ, ಬಲ್ಬು ಇನ್ನೂ ಉರಿಯುತ್ತಿತ್ತು.

ವೈರ್‌ಮನ್ ಬಂದು ಬಿಲ್ಲೆ ಕಿತ್ತ. ತಾಮ್ರದ ತಂತಿ ಸುಡದೆ ಕಟ್ಟಿದ ಹಾಗೇ ಇತ್ತು. ಅವನು ಅಪ್ಪನ ಮುಖ ನೋಡಲಿಲ್ಲ.

ಆಮೇಲೆ ಮುಸ್ಸಂಜೆ ಅಕ್ಕ ಮಲಗಿದ್ದ ಕೋಣೆಗೆ ಅಜ್ಜಿ ಹಣತೆ ಹಚ್ಚಿ ತಂದರೆ ಅಕ್ಕ ಗೋಡೆಯ ಕಡೆ ತಿರುಗಿ, "ತಕಂಡೋಗಜ್ಜಿ" ಅನ್ನುತ್ತಿದ್ದಳು. ಅಜ್ಜಿ ಒಳಗೂ ಬರದೆ, ಆರಿಸಲೂ ಆಗದೆ, ಎಣ್ಣೆ ತೀರುವವರೆಗೂ ಅದನ್ನು ಹಿಡಿದು ಹೊಸ್ತಿಲಾಚೆ ನಿಂತಿರುತ್ತಿದ್ದಳು.