ದೊಡ್ಡಮ್ಮ ಆಡಿದ ಭಾಷೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಎದುರಿಗೆ ತಲೆಯಾಡಿಸಿ, ಅವರು ಹೋದ ಮೇಲೆ ನಗುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಮಾತು. ಮೂಡುಬಿದಿರೆಯ ನಮ್ಮ ಮನೆಯಲ್ಲಿ ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಕಾಯಿಲೆ ಬಿದ್ದಿದ್ದರು. ಮೊದಲು ನಡೆಯುವಾಗ ಸುಮ್ಮಸುಮ್ಮನೆ ಹಿಂದಕ್ಕೆ ಬೀಳತೊಡಗಿದರು. ಆಮೇಲೆ ಕಣ್ಣು ಕೆಳಗೆ ಇಳಿಯದಾಯಿತು. ಎದುರಿಗಿಟ್ಟ ಗಂಜಿಯೂ ಕಾಣುತ್ತಿರಲಿಲ್ಲ. ಮಾತು ಹೋದದ್ದು ಒಮ್ಮೆಲೇ ಅಲ್ಲ. ಚೆಂಬು ಬೇಕಾದರೆ "ಅದು... ನೀರಿನದ್ದು" ಎನ್ನುತ್ತಿದ್ದರು. ಮುಂದೆ ನಾವು ಹೇಳಿದ ಕೊನೆಯ ಪದವನ್ನೇ ತಿರುಗಿ ಹೇಳುತ್ತಿದ್ದರು. ಬಳಿಕ ಅದೂ ನಿಂತಿತು. ಮಂಗಳೂರಿನ ಡಾಕ್ಟರು ಅಪರೂಪದ ನರದ ಕಾಯಿಲೆ, ಮದ್ದಿಲ್ಲ ಎಂದರು. ಬೀಳಬಾರದೆಂದು ಅಮ್ಮ ಅವರನ್ನು ಹಳೆ ಸೀರೆಯಿಂದ ಕುರ್ಚಿಗೆ ಕಟ್ಟುತ್ತಿದ್ದರು. ಅಳುವುದನ್ನು ನಾವೆಲ್ಲ ಯಾವಾಗಲೋ ಬಿಟ್ಟಿದ್ದೆವು.

ಒಂದು ಮಧ್ಯಾಹ್ನ, ಬಂಟ್ವಾಳದಿಂದ ಜವಳಿ ಮಾರಲು ಬರುತ್ತಿದ್ದ ಮುಸ್ಲಿಂ ವ್ಯಾಪಾರಿ ಮೋನು ಬ್ಯಾರಿ ನಮ್ಮ ಚಾವಡಿಯಲ್ಲಿ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಮೂಲೆಯ ಕುರ್ಚಿಯಲ್ಲಿದ್ದ ದೊಡ್ಡಮ್ಮ ಮಾತಾಡಿದರು. ವರ್ಷದಿಂದ ಕೇಳದಿದ್ದ ದನಿ. ತಡವರಿಕೆಯೇ ಇಲ್ಲ. ಆದರೆ ಅದು ನಮ್ಮ ತುಳುವಲ್ಲ, ಕನ್ನಡವೂ ಅಲ್ಲ.

ಬ್ಯಾರಿಯ ಕೈ ನಿಂತಿತು. "ಇವರಿಗೆ ನಮ್ಮ ಬ್ಯಾರಿ ಭಾಷೆ ಯಾರು ಕಲಿಸಿದ್ದು?"

"ಯಾರೂ ಇಲ್ಲ. ಬಸದಿ ಬಿಟ್ಟರೆ ಅಕ್ಕ ಎಲ್ಲಿಗೂ ಹೋದವರಲ್ಲ" ಎಂದರು ಅಮ್ಮ. "ಎಂತ ಹೇಳಿದ್ರು?"

"ಕಟ್ಟು ಬಿಚ್ಚಲಿಕ್ಕೆ ಹೇಳ್ತಾರೆ ಅಮ್ಮ. ಬಿದ್ದರೂ ಅಡ್ಡಿಯಿಲ್ಲವಂತೆ."

ಅಮ್ಮ ಹೋಗಿ ಕುರ್ಚಿಗೆ ಬಿಗಿದ ಸೀರೆಯ ಗಂಟು ಬಿಚ್ಚಿದರು. ಬ್ಯಾರಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು, ದೊಡ್ಡಮ್ಮ ಉತ್ತರಿಸಲಿಲ್ಲ. ಅಂದಿನಿಂದ ಅಮ್ಮ ಅವರನ್ನು ಕಟ್ಟಲಿಲ್ಲ, ಹಗಲೆಲ್ಲ ಪಕ್ಕದಲ್ಲಿ ತೋಳು ಹಿಡಿದು ಕೂರುತ್ತಿದ್ದರು. ಮಳೆಗಾಲಕ್ಕೆ ಮುಂಚೆ ದೊಡ್ಡಮ್ಮ ತೀರಿಕೊಂಡರು, ಇನ್ನೊಂದು ಮಾತೂ ಆಡದೆ.

ಬರೀ ಸ್ವರಗಳಿಗೆ ಬ್ಯಾರಿ ಕನಿಕರದಿಂದ ಅರ್ಥ ಕಟ್ಟಿದರೇ ಎಂಬ ಸಂಶಯ ನನ್ನನ್ನು ಬಿಡಲಿಲ್ಲ. ಕೆಲವು ವರ್ಷಗಳ ನಂತರ ಬಂಟ್ವಾಳ ಪೇಟೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ.

"ಕಟ್ಟಿ ಹೇಳುವುದಾದರೆ ಎಲ್ಲ ಹೇಳ್ತಿದ್ದೆ. ಆ ದಿನ ಒಂದು ಮಾತು ನಿಮಗೆ ಹೇಳದೆ ಉಳಿಸಿಕೊಂಡೆ" ಎಂದರು. "ಮೊದಲು ಅವರು ನನ್ನನ್ನು ಹೆಸರು ಹಿಡಿದು ಕರೆದರು. ಮೋನು ಅಂತ ಅಲ್ಲ. ತೀರಿಹೋದ ನನ್ನ ಹೆತ್ತ ಉಮ್ಮ ಮಾತ್ರ ಕರೆಯುತ್ತಿದ್ದ ಹೆಸರು."

"ಯಾವ ಹೆಸರು?" ಎಂದೆ.

ಅವರು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಬಸ್ಸು ಬಂತು, ಹತ್ತಿದೆ. ಮೂಡುಬಿದಿರೆ ಮುಟ್ಟುವವರೆಗೂ ನನಗೆ ಏನೂ ಅನ್ನಿಸಲಿಲ್ಲ. ಏನನ್ನಿಸಬೇಕಿತ್ತು ಎಂಬುದು ಇಂದಿಗೂ ಗೊತ್ತಾಗಿಲ್ಲ.